ನಾಲ್ಕು ಬೆರಳು ಹೆಚ್ಚಿನ ಗಾಡಿ

ರಾಣೆಬೆನ್ನೂರಿನ ಆ ಅಂಗಡಿಯವನಿಗೆ ನಾನು ಮೂರು ಸಲ ಬಿಡಿಸಿ ಹೇಳಿದೆ, ಗಾಡಿ ಬೇಕಾಗಿರುವುದು ಎರಡು ಮಕ್ಕಳಿಗೆ ಎಂದು. ಮೂರು ಸಲವೂ ಅವನು ತಲೆಯಾಡಿಸಿ, ಅಟ್ಟದಿಂದ ಇಳಿಸಿದ ಅದೇ ನೀಲಿ ಬಾಬಾಗಾಡಿಯ ಧೂಳು ಒರೆಸಿ, ಅದರ ಕೊಡೆಯಂಥ ಮುಚ್ಚಳವನ್ನು ಮಡಚಿ ಬಿಚ್ಚಿ ತೋರಿಸಿದ. ಹಸುಗೂಸನ್ನು ಮಲಗಿಸಿ ತಳ್ಳಿಕೊಂಡು ಹೋಗುವ ನಾಲ್ಕು ಗಾಲಿಯ ಗಾಡಿಗೆ ಆಗ ನಮ್ಮ ಕಡೆ ಬಾಬಾಗಾಡಿ ಎನ್ನುತ್ತಿದ್ದರು. ಇಡೀ ಊರಿಗೆ ಒಂದೋ ಎರಡೋ ಇದ್ದವು. ನನ್ನ ಕಂಕುಳಲ್ಲಿ ಎಂಟು ತಿಂಗಳ ಮಗನಿದ್ದ. ಗಂಡನ ತೋಳಿನಲ್ಲಿ ಏಳು ವರ್ಷದ ಮಗಳಿದ್ದಳು; ಅವಳ ಕಾಲುಗಳು ಅವರ ಮೊಣಕಾಲಿನ ತನಕ ಇಳಿಬಿದ್ದಿದ್ದವು. ಕಣ್ಣಿದ್ದ ಯಾರಿಗಾದರೂ ಎರಡು ಮಕ್ಕಳು ಕಾಣಬೇಕು.

"ಕೂಸಿಗೆ ಇದು ಭಾಳ ಚಲೋ ಐತ್ರಿ ಅಕ್ಕಾರ," ಅಂದ ಅಂಗಡಿಯವನು.

"ಇಬ್ಬರೂ ಕುಂದ್ರೂವಂಥಾದ್ದು ಬೇಕ್ರಿ."

"ದೊಡ್ಡಾಕಿಗೆ ಯಾಕ್ರಿ ಇನ್ನ ಗಾಡಿ? ಆಕಿನ್ನ ಮನ್ಯಾಗ ಬಿಟ್ಟು ಬಂದ್ರಾತು."

ಮೈಯೆಲ್ಲ ಉರಿದುಹೋಯಿತು. ಅಷ್ಟರಲ್ಲಿ ಮಗಳು ಏನೋ ಹೇಳಲು ಹೊರಟಳು. ಅವಳಿಗೆ ಮಾತು ಬರುತ್ತಿತ್ತು, ಆದರೆ ಒಂದೊಂದು ಮಾತು ಹೊರಡುವ ಮೊದಲು ಬಾಯಿ ಒಂದು ಕಡೆ ಎಳೆದು, ಕತ್ತು ಬಿಗಿದು, ಬಲಗೈ ತಾನೇ ತಾನಾಗಿ ಮೇಲೆ ಹಾರುತ್ತಿತ್ತು. ಒಂದು ವಾಕ್ಯ ಮುಗಿಯಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾಯುವ ಜನ ಸಿಗುತ್ತಿರಲಿಲ್ಲ. ನಾನು ಕಾಯುತ್ತಿದ್ದೆ ಎಂದು ಬರೆದರೆ ಅದೂ ಸುಳ್ಳೇ. "ಸ್ವಲ್ಪ ತಡಿ," ಅಂದೆ. ರೈಲಿನ ಹೊತ್ತಾಗಿತ್ತು.

ನಾವು ಗಾಡಿ ಇಲ್ಲದೆ ಹಾವೇರಿಗೆ ವಾಪಸಾದೆವು. ಹಾವೇರಿ ಆಗ ಇನ್ನೂ ಜಿಲ್ಲೆಯಾಗಿರಲಿಲ್ಲ, ತಾಲ್ಲೂಕಿನ ಊರು. ನನ್ನ ಗಂಡ ಅಲ್ಲಿನ ಕೋರ್ಟಿನಲ್ಲಿ ಗುಮಾಸ್ತರು. ಕೋರ್ಟಿನ ಮನುಷ್ಯರಿಗೆ ಎಲ್ಲದಕ್ಕೂ ಮುಂದಿನ ತಾರೀಖು ಕೊಡುವ ರೂಢಿ. ರೈಲಿನಲ್ಲಿ ಕೂತ ಕೂಡಲೇ, "ಇರ್ಲಿ ಬಿಡು, ಮುಂದಿನ ತಿಂಗಳ ಹುಬ್ಬಳ್ಳ್ಯಾಗ ನೋಡೂಣು," ಅಂದರು. ಮುಂದಿನ ತಿಂಗಳು ಎಂಬುದು ನನಗಿರಲಿಲ್ಲ. ಅದು ಏಪ್ರಿಲ್, ಜೂನಿನಲ್ಲಿ ಶಾಲೆ ಶುರುವಾಗುತ್ತಿತ್ತು.

ಶಾಲೆಯ ವಿಷಯ ಹೇಳಬೇಕು. ಮಗಳು ಹುಟ್ಟುವಾಗ ಉಸಿರಾಡಲು ತಡ ಮಾಡಿದಳಂತೆ. ಅದರಿಂದ ಕೈಕಾಲು ಅವಳ ಮಾತು ಕೇಳುವುದಿಲ್ಲ, ಬುದ್ಧಿಗೆ ಏನೂ ಆಗಿಲ್ಲ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದರು. ಊರವರಿಗೆ ಅದು ಪೋಲಿಯೋ. ಅಲ್ಲ ಎಂದು ಹೇಳಿ ಹೇಳಿ ನನ್ನ ನಾಲಿಗೆ ಸವೆಯಿತು. ನಾನು ಗೋಡೆಯ ಮೇಲೆ ಇದ್ದಿಲಿನಿಂದ ಬರೆದುಕೊಟ್ಟ ಅಕ್ಷರಗಳನ್ನು ಅವಳು ನಾಲ್ಕೂವರೆ ವರ್ಷಕ್ಕೇ ಓದುತ್ತಿದ್ದಳು. ಮನೆಗೆ ಬಂದ ದಿನಸಿ ಪೊಟ್ಟಣದ ಕಾಗದ ಬಿಡಿಸಿ ಓದುತ್ತಿದ್ದಳು, ಎಡಗೈಯಿಂದ ಹಾಳೆ ಒತ್ತಿ ಹಿಡಿದು. ಓಣಿಯ ಮಕ್ಕಳು ಪಾಟಿಚೀಲ ಹೆಗಲಿಗೆ ಹಾಕಿಕೊಂಡು ಹೋಗುವಾಗ ಕಿಟಕಿಯ ಹತ್ತಿರ ಕೂರಿಸು ಎನ್ನುತ್ತಿದ್ದಳು. ಅವರು ಓಣಿಯ ತುದಿ ದಾಟಿದ ಮೇಲೆ ಇಳಿಸು ಎನ್ನುತ್ತಿದ್ದಳು.

ಹಿಂದಿನ ವರ್ಷ ಸೇರಿಸಬೇಕಿತ್ತು. ಆದರೆ ಆ ಜೂನಿನಲ್ಲಿ ನಾನು ಏಳು ತಿಂಗಳ ಬಸುರಿ, ಅವಳನ್ನು ಎತ್ತಿಕೊಂಡು ಒಂದು ಮೈಲು ನಡೆಯುವುದು ಆಗದ ಮಾತು. ಹೀಗಾಗಿ ಒಂದು ವರ್ಷ ಹೋಯಿತು. ಈ ವರ್ಷ ಶಾಲೆಯ ದೊಡ್ಡ ಅಕ್ಕೋರನ್ನು, ಅಂದರೆ ಮುಖ್ಯೋಪಾಧ್ಯಾಯಿನಿಯನ್ನು, ಅವರ ಮನೆಗೇ ಹೋಗಿ ಕಂಡಿದ್ದೆ. ಅವರು ಕೆಟ್ಟವರಲ್ಲ, ಆದರೆ ಬಿಗಿ.

"ನಮ್ಮಲ್ಲಿ ಮಕ್ಕಳು ನೆಲದ ಮ್ಯಾಲೆ ಕುಂದ್ರತಾರ. ನಿಮ್ಮ ಹುಡುಗಿಗೆ ಆಸರಿ ಇಲ್ಲದ ಕುಂದ್ರಾಕ ಬರೂದಿಲ್ಲ. ಆಕಿ ಕುಂದ್ರೂ ಗಾಡಿ ನೀವ ತರ್ರಿ. ಅದು ವರ್ಗದೊಳಗ ಬರಬೇಕು. ಪ್ರಾರ್ಥನಾ ಸುರುವಾಗೂದ್ರೊಳಗ ನೀವ ಬಿಡಬೇಕು, ಮಧ್ಯಾಹ್ನ ನೀವ ಒಯ್ಯಬೇಕು. ಇಷ್ಟಾದ್ರ ಹೆಸರು ಹಚ್ಚತೇನಿ. ಮುಂದಿನ ವರ್ಷಕ್ಕ ಆಕಿಗೆ ಎಂಟು ತುಂಬತಾವು, ಆವಾಗ ಒಂದನೇತ್ತಕ್ಕ ತೊಗೋರಿ ಅಂದ್ರ ನನ್ನ ಕೈಯಾಗ ಇಲ್ಲ."

ಈ ವರ್ಷ ಇಲ್ಲವಾದರೆ ಎಂದೂ ಇಲ್ಲ. ಅಷ್ಟು ಸರಳ.

ಮಗಳಿಗೊಂದು ಗಾಡಿ ಮಾಡಿಸುವುದೇನೋ ಸರಿ, ಆಗ ಮಗನನ್ನು ಏನು ಮಾಡುವುದು? ಅತ್ತೆ ಅಗಡಿಯಲ್ಲಿ ದೊಡ್ಡ ಮಗನ ಮನೆಯಲ್ಲಿದ್ದರು. ವಾರಕ್ಕೊಮ್ಮೆ ಸಂತೆಯ ದಿನ ಬಸ್ಸಿಗೆ ಬಂದು ಸಂಜೆ ಹೋಗುವವರು. ಗಂಡ ಹತ್ತಕ್ಕೆ ಕೋರ್ಟಿನಲ್ಲಿರಬೇಕು. ಕೂಸನ್ನು ಕಂಕುಳಲ್ಲಿಟ್ಟು ಒಂದೇ ಕೈಯಿಂದ ಏಳು ವರ್ಷದವಳನ್ನು ಸ್ಟೇಷನ್ ರಸ್ತೆಯ ಇಳಿಜಾರಿನಲ್ಲಿ ತಳ್ಳಲಾಗುವುದಿಲ್ಲ. ಇಬ್ಬರಿಗೂ ಸೇರಿ ಒಂದು ಗಾಡಿ ಬೇಕು ಎಂಬ ಈ ಸಣ್ಣ ಮಾತು ನನ್ನೊಬ್ಬಳಿಗೆ ಬಿಟ್ಟು ಜಗತ್ತಿನಲ್ಲಿ ಯಾರಿಗೂ ತಿಳಿಯಲಿಲ್ಲ.

ಸಲಹೆಗಳಿಗೇನೂ ಬರವಿರಲಿಲ್ಲ. ಪುಕ್ಕಟೆ ಸಿಗುವ ವಸ್ತು ಅದೊಂದೇ ಅಲ್ಲವೆ! ಪಕ್ಕದ ಮನೆಯಾಕೆ, ಐಸ್‌ಕ್ಯಾಂಡಿ ಮಾರುವವನ ಹಳೆಯ ಗಾಡಿ ತೆಗೆದುಕೊಳ್ಳಿ, ಡಬ್ಬಿಯೊಳಗೆ ಇಬ್ಬರೂ ತಣ್ಣಗಿರುತ್ತಾರೆ ಎಂದಳು. ಸರ್ಕಾರಿ ಕಚೇರಿಯಲ್ಲಿ ಅಂಗವಿಕಲರಿಗೆ ಕೊಡುವ ಮೂರು ಗಾಲಿಯ ಸೈಕಲ್ ಇತ್ತು. ಅದನ್ನು ಎರಡೂ ಕೈಯಿಂದ ತಿರುಗಿಸಬೇಕು; ಕೈ ಗಟ್ಟಿ ಇದ್ದ ದೊಡ್ಡವರಿಗೆ ಸೈ. ನನ್ನ ಗಂಡನ ಸ್ನೇಹಿತರೊಬ್ಬರು ಎರಡು ಬಾಬಾಗಾಡಿ ಕೊಂಡು ತಂತಿ ಹಾಕಿ ಬಿಗಿಯಿರಿ ಎಂದರು. ಅತ್ತೆ ಮಾತ್ರ ನೇರವಾಗಿ ನನ್ನ ಬುಡಕ್ಕೇ ಕೈ ಹಾಕಿದರು.

"ನಾ ಐದು ಮಕ್ಕಳ ಹಡದೇನಿ. ಒಂದನ್ನ ಟೊಂಕದಾಗ, ಒಂದನ್ನ ಬುಟ್ಟ್ಯಾಗ ಹೊತ್ತು ಹೊಲಕ್ಕ ಹೋಗೇನಿ. ಆವಾಗ ಗಾಡಿ ಎಲ್ಲಿತ್ತವಾ?"

"ಏಳು ವರ್ಷದಾಕಿನ್ನ ಬುಟ್ಟ್ಯಾಗ ಹೊತ್ತಿದ್ರೇನ್ರಿ ಅತ್ತಿ?"

ಅವರು ಮೊರದ ಕಡೆ ತಿರುಗಿ ಜೋಳ ಹಸನು ಮಾಡತೊಡಗಿದರು.

ಕಡೆಗೆ ನನಗೆ ನನ್ನ ತವರೂರು ನೆನಪಾಯಿತು. ಬ್ಯಾಡಗಿಯಲ್ಲಿ ನಮ್ಮ ಮನೆಯ ತೊಟ್ಟಿಲು ಮಾಡಿದ ಬಡಿಗೇರರೊಬ್ಬರಿದ್ದರು. ಮೆಣಸಿನಕಾಯಿ ಪೇಟೆಯಲ್ಲಿ ಚೀಲ ಸಾಗಿಸುವ ಕೈಗಾಡಿಗಳೆಲ್ಲ ಅವರ ಕೈಯಲ್ಲೇ ಹುಟ್ಟುತ್ತಿದ್ದವು. ವಯಸ್ಸಾದ, ನಿಧಾನದ ಮನುಷ್ಯ. ನಾನು ಅವರಿಗೆ ಕಾಕಾ ಎನ್ನುತ್ತಿದ್ದೆ. ಮೆಣಸಿನಕಾಯಿ ಚೀಲದ ಭಾರ ತಾಳುವ ಗಾಡಿ ಮಾಡುವವರಿಗೆ ಎರಡು ಮಕ್ಕಳ ಗಾಡಿ ಏನು ದೊಡ್ಡದು?

ನಾನು ಶಾಲೆಗೆ ಹೋಗಿ, ಒಂದನೆಯ ವರ್ಗದ ಕೋಣೆಯ ಎರಡೂ ಕದ ತೆಗೆಸಿ, ಬಾಗಿಲಿನ ಈ ಚೌಕಟ್ಟಿನಿಂದ ಆ ಚೌಕಟ್ಟಿಗೆ ಒಂದು ದಾರ ಹಿಡಿದೆ. ತಿಕ್ಕಬಾರದು ಎಂದು ಎರಡು ಬೆರಳು ಒಳಗೆ ಬಿಟ್ಟು ಗಂಟು ಹಾಕಿದೆ. ಆ ದಾರವನ್ನು ಗಂಡನ ಕೈಗೆ ಕೊಟ್ಟು, "ಅಕ್ಕಪಕ್ಕ ಎರಡು ಸೀಟು. ಅಗಲ ಈ ಗಂಟಿನ ತನಕ. ಇದರ ಮ್ಯಾಲೆ ಒಂದು ಬೆರಳೂ ಬ್ಯಾಡ," ಎಂದು ಹೇಳಿ ಕಳಿಸಿದೆ. ಅವರು ಭಾನುವಾರ ಹೋಗಿ ಸಮನ್ಸ್ ಜಾರಿ ಮಾಡಿದ ಹಾಗೆ ದಾರ ಒಪ್ಪಿಸಿ ಬಂದರು. "ಗಂಟಿನ ಮಾತು ಹೇಳಿದ್ರ್ಯಾ?" ಎಂದು ನಾಲ್ಕು ಸಲ ಕೇಳಿದೆ. "ಹೇಳೇನಿ ಅಂತ ಎಷ್ಟು ಸಲ ಹೇಳಲಿ!" ಎಂದರು.

ಅಕ್ಕಪಕ್ಕದ ಸೀಟಿನ ನಡುವೆ ಒಂದು ಹಲಗೆ ಇರಬೇಕೆಂದೂ ಹೇಳಿ ಕಳಿಸಿದ್ದೆ. ಅದಕ್ಕೊಂದು ಕಾರಣವಿತ್ತು. ಮಗ ನಾಲ್ಕು ತಿಂಗಳಿನವನಿದ್ದಾಗ ಅವಳ ಪಕ್ಕದಲ್ಲಿ ಮಲಗಿಸಿದ್ದೆ. ಅವಳು ಅವನನ್ನು ಮುಟ್ಟಲು ಹೋದಾಗ ಬಲಗೈ ಎಗರಿ ಅವನ ಬಾಯಿಗೆ ಬಡಿಯಿತು. ತುಟಿ ಒಡೆದು ರಕ್ತ ಬಂತು. ಅವನು ಹಾಲು ಕುಡಿದು ಮರೆತ. ಅವಳು ಮೂರು ದಿನ ಊಟ ಬಿಟ್ಟಳು. ಅಂದಿನಿಂದ ಇಬ್ಬರ ನಡುವೆ ಒಂದು ಮೊಳ ಜಾಗ ಬಿಟ್ಟೇ ಮಲಗಿಸುತ್ತಿದ್ದೆ. ನನಗೆ ಹೆದರಿಕೆಯಿತ್ತು, ಅದನ್ನು ಅವಳಿಗೆ ಕಾಣದ ಹಾಗೆ ಇಟ್ಟುಕೊಂಡಿದ್ದೇನೆ ಎಂಬ ಭ್ರಮೆಯೂ ಇತ್ತು.

ಮೇ ತಿಂಗಳ ಕೊನೆಗೆ, ಮೆಣಸಿನಕಾಯಿ ಚೀಲ ತುಂಬಿದ ಟೆಂಪೋದ ಮೇಲೆ ಕೂತು ಗಾಡಿ ಬಂತು. ಇಳಿಸಿದವರು ಸೀನಿದರು, ನಾನು ಸೀನಿದೆ, ಮಗ ಸೀನಿ ಸೀನಿ ಅತ್ತ. ನಾಲ್ಕು ಕೊಡ ನೀರು ಹಾಕಿ ತೊಳೆದೆ. ಗಾಡಿ ಚೆಲುವಾಗಿತ್ತು, ಅದನ್ನು ಒಪ್ಪಲೇಬೇಕು. ಸಾಗವಾನಿ ಹಲಗೆ, ನುಣ್ಣಗೆ ಉಜ್ಜಿದ ಅಂಚು, ಬೆನ್ನಿಗೆ ಇಳಿಜಾರು, ಸೈಕಲ್ಲಿನ ಸಣ್ಣ ಗಾಲಿಗಳು. ಮಗಳನ್ನು ಕೂರಿಸಿದೆ. ಅವಳು ಮೊದಲ ಸಲ ಯಾರ ತೋಳೂ ಇಲ್ಲದೆ ನೆಟ್ಟಗೆ ಕೂತಳು. ಓಣಿಯ ಹುಡುಗಿಯರ ಜಗಳ ನೋಡಿ ನಕ್ಕಳು. ನನ್ನ ಎಲ್ಲ ಸಿಟ್ಟೂ ಇಳಿದುಹೋಯಿತು, ಒಂದು ಗಂಟೆಯ ಮಟ್ಟಿಗೆ.

ಆಮೇಲೆ ಶಾಲೆಗೆ ತಳ್ಳಿಕೊಂಡು ಹೋದೆವು. ದೊಡ್ಡ ಅಕ್ಕೋರು ದಾಖಲಾತಿ ಕೆಲಸಕ್ಕೆ ಬಂದಿದ್ದರು. ವರ್ಗದ ಬಾಗಿಲಿಗೆ ಹೋದೆವು. ಗಾಡಿ ಢಬ್ ಎಂದು ಚೌಕಟ್ಟಿಗೆ ಬಡಿದು ನಿಂತಿತು.

ಹಿಂದೆ ಸರಿಸಿ, ಓರೆ ಮಾಡಿ, ಎತ್ತಿ, ಮತ್ತೆ ನೂಕಿದೆವು. ಹೋಗಲಿಲ್ಲ. ಗಾಡಿಯ ಜೊತೆ ಕಾಕಾ ವಾಪಸು ಕಳಿಸಿದ್ದ ದಾರ ತೆಗೆದು ಅಳೆದೆ. ನನ್ನ ಗಂಟಿಗಿಂತ ನಾಲ್ಕು ಬೆರಳು ಹೆಚ್ಚಿತ್ತು. ಎಂದರೆ ಬಾಗಿಲಿಗಿಂತಲೂ ಎರಡು ಬೆರಳು ಹೆಚ್ಚು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿಟ್ಟಿದ್ದರು ಕಾಕಾ. ನಾನು ಗಂಡನ ಮುಖ ನೋಡಿದೆ. ಅವರು ಬಾಗಿಲಿನ ಮೇಲೆ ಬರೆದಿದ್ದ ಸುಭಾಷಿತವನ್ನು ಬಹಳ ಲಕ್ಷ್ಯ ಕೊಟ್ಟು ಓದುತ್ತಿದ್ದರು.

"ಇದು ಒಳಗ ಬರೂದಿಲ್ಲಲ್ರಿ," ಅಂದರು ದೊಡ್ಡ ಅಕ್ಕೋರು.

"ಸರಿ ಮಾಡಸ್ತೇನ್ರಿ."

"ಇವತ್ತ ಸೋಮವಾರ. ಬರೂ ಸೋಮವಾರ ಸಾಲಿ ಸುರು. ಆ ದಿನ ಪ್ರಾರ್ಥನಾದೊಳಗ ಬಂದ್ರ ಬರಕೊಳ್ತೇನಿ. ಹೆಸರಿನ ಪಟ್ಟಿ ಆವತ್ತ ಮ್ಯಾಲಿನ ಕಚೇರಿಗೆ ಕಳಸೂದೈತಿ, ಹಿಂದಾಗಡೆ ಸೇರಸೂದು ಆಗೂದಿಲ್ಲ."

ಮರುದಿನ ಅತ್ತೆಯನ್ನು ಅಗಡಿಯಿಂದ ಕರೆಸಿಕೊಂಡೆ, ಒಂದು ಮಗುವನ್ನು ಹಿಡಿಯಲು. ಗಾಡಿಯನ್ನು ಖಾಲಿ ಹೋಗುತ್ತಿದ್ದ ಅದೇ ಟೆಂಪೋಕ್ಕೆ ಹಾಕಿ, ಅತ್ತೆ, ನಾನು, ಎರಡು ಮಕ್ಕಳು ರೈಲಿನಲ್ಲಿ ಬ್ಯಾಡಗಿಗೆ ಹೋದೆವು. ಕಾಕಾ ತಮ್ಮ ಕಟ್ಟೆಯ ಮೇಲೆ ಉಳಿ ಮಸೆಯುತ್ತ ಕೂತಿದ್ದರು. ದಾರಿಯುದ್ದಕ್ಕೂ ತಯಾರಿಸಿಕೊಂಡಿದ್ದ ಮಾತನ್ನೆಲ್ಲ ಒಂದೇ ಉಸಿರಿಗೆ ಅಂದೆ. ಅವರು ಪೂರ್ತಿ ಕೇಳಿದರು. ನಡುವೆ ಬಾಯಿ ಹಾಕಲಿಲ್ಲ. ಆಮೇಲೆ ಹೇಳಿದರು:

"ನಿನ್ನ ಗಂಟಿನ ಅಳತಿಗೆ ಕಾಗಿ ಆಯ ಬಂತವಾ ತಂಗಿ."

ನನಗೆ ತಲೆ ಕೆಟ್ಟುಹೋಯಿತು. ಆಯ ಎಂದರೆ ನಮ್ಮ ಬಡಿಗರು ಮನೆಗೆ, ಬಾಗಿಲಿಗೆ, ತೊಟ್ಟಿಲಿಗೆ, ಚಕ್ಕಡಿಗೆ ನೋಡುವ ಲೆಕ್ಕ. ಉದ್ದ ಅಗಲಗಳನ್ನು ಬೆರಳಿನಿಂದ ಅಳೆದು ಗುಣಿಸಿ ಎಂಟರಿಂದ ಭಾಗಿಸುತ್ತಾರೆ. ಉಳಿದ ಶೇಷಕ್ಕೆ ಸಿಂಹ, ಆನೆ ಬಂದರೆ ಒಳ್ಳೆಯದು. ನಾಯಿ, ಕತ್ತೆ, ಕಾಗೆ ಬಂದರೆ ಕೆಟ್ಟದ್ದು. ಬಾಗಿಲಿನೊಳಗೆ ಹೋಗಬೇಕಾದ ಗಾಡಿಗೂ ಆಯ ನೋಡುತ್ತಾರೆಂದು ನನಗೇಕೆ ಹೊಳೆಯಲಿಲ್ಲ?

"ನಾಕ ಬೆರಳ ಹೆಚ್ಚ ಮಾಡಿದ್ರ ಆನಿ ಆಯ ಕೂಡ್ತು. ಮೊದಲ ಆ ಹುಡುಗಿಗೆ ತ್ರಾಸ ಐತಿ. ಆಕಿ ಕುಂದ್ರೂ ಗಾಡಿನ್ನ ಕಾಗಿ ಆಯದಾಗ ಹೆಂಗ ಮಾಡ್ಲಿ? ನನ್ನ ಕೈ ಏಳಲಿಲ್ಲವಾ."

"ಖರೇನ ಐತಿ," ಅಂದರು ಅತ್ತೆ, ನನ್ನ ಪಕ್ಕದಲ್ಲೇ ನಿಂತು. "ಬಡಿಗ್ಯಾರು ಚಲೋ ಮಾಡ್ಯಾರ."

"ಆನಿ ಆಯದ ಗಾಡಿ ಆನಿಹಂಗ ಹೊರಗ ನಿಂತೈತ್ರಿ ಕಾಕಾ!" ಎಂದು ಕೂಗಿದೆ. "ಬಾಗಿಲದಾಗ ಹೋಗೂದಿಲ್ಲ. ಸೋಮವಾರ ಆಕಿ ಸಾಲಿ ತಪ್ಪತೈತಿ. ನಿಮ್ಮ ಆನಿ ಬಂದು ಆಕಿಗೆ ಅಕ್ಷರಾ ಕಲಸತೈತೇನು?"

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ಕೇಳಿದ್ದೆ. ಅಕ್ಕೋರು ಕೊಟ್ಟ ವರ ಬಡಿಗರ ಕಟ್ಟೆಯ ಮೇಲೆ ಸಿಕ್ಕಿಹಾಕಿಕೊಂಡಿದ್ದನ್ನು ಅಂದೇ ನೋಡಿದ್ದು. ಹೆಚ್ಚು ಕೋಪ ಬಂದದ್ದು ಏಕೆಂದರೆ, ಬೈಯಲು ಅವರಲ್ಲಿ ಏನೂ ಇರಲಿಲ್ಲ. ನನ್ನ ಮಗಳಿಗೆ ಒಳ್ಳೆಯದಾಗಲಿ ಎಂದೇ ನನ್ನ ಮಗಳ ದಾರಿ ಮುಚ್ಚಿದ್ದರು. ಆ ಅಂಗಡಿಯವನಾದರೂ ಇದ್ದಿದ್ದರೆ ಮನಸ್ಸು ಬಿಚ್ಚಿ ಜಗಳವಾಡಬಹುದಿತ್ತು.

ಅಷ್ಟರಲ್ಲಿ ನನಗೊಂದು ಹೊಳೆಯಿತು. "ಅಲ್ರಿ ಕಾಕಾ, ಗುಣಿಸೂದು ಉದ್ದಾ ಅಗಲಾ ಎರಡನ್ನೂ ಹೌದಲ್ಲೊ? ಅಗಲಕ್ಕ ಯಾಕ ಕೈ ಹಚ್ಚಿದ್ರಿ? ಉದ್ದ ಬೆಳಸಬೇಕಿತ್ತು!"

ಕಾಕಾ ಉಳಿ ಕೆಳಗಿಟ್ಟರು. "ಹೌದಲ್ಲವಾ," ಅಂದರು. ಆದರೆ ಎದ್ದು ಗಾಡಿಯ ಹತ್ತಿರ ಹೋಗಿ ಗಾಲಿ ಮುಟ್ಟಿ ತೋರಿಸಿದರು. "ಆದ್ರ ನೀ ಅಳದದ್ದು ಬರೇ ಪೆಟ್ಟಿಗಿ. ಗಾಲಿ ಹೊರಗ ಇರತಾವ. ನಿನ್ನ ಗಂಟಿನ ಪ್ರಕಾರ ಮಾಡಿದ್ರೂ ಒಳಗ ಹೋಗತಿರಲಿಲ್ಲ."

ಅತ್ತೆ ಏನೂ ಅನ್ನಲಿಲ್ಲ. ಅನ್ನದಿರುವುದೇ ಅವರಿಗೆ ಎಷ್ಟು ಸುಖ ಕೊಡುತ್ತಿದೆಯೆಂದು ಮುಖದಲ್ಲಿ ಕಾಣುತ್ತಿತ್ತು. ಎರಡು ತಿಂಗಳು ಗಂಡನನ್ನೂ ಅಂಗಡಿಯವನನ್ನೂ ಓಣಿಯವರನ್ನೂ ಬೈದಿದ್ದೆ, ನನಗೆ ಗಾಲಿಗಳೇ ನೆನಪಾಗಿರಲಿಲ್ಲ.

"ಅಕ್ಕಪಕ್ಕ ಆಗೂದಿಲ್ಲ," ಅಂದರು ಕಾಕಾ. "ಅಗಲ ಕಡಿಮಿ ಮಾಡಿ ಉದ್ದ ಬೆಳಸ್ತೇನಿ. ಒಬ್ಬರ ಮುಂದ ಒಬ್ಬರು. ಆಯನೂ ಕೂಡತದ, ಬಾಗಿಲಾನೂ ದಾಟತದ. ಈಗ ಯಾರು ಮುಂದ, ಯಾರು ಹಿಂದ?"

"ಕೂಸು ಹಿಂದ, ನನ್ನ ಕೈ ಕಡೆ," ಎಂದೆ ತಟ್ಟನೆ. "ಆಕಿ ಮುಂದ. ನಡುವ ಹಲಿಗಿ."

ಕಾಕಾ ನನ್ನ ಮಾತು ಕೇಳಿದ ಹಾಗೆ ಕಾಣಲಿಲ್ಲ. ಅತ್ತೆಯ ತೊಡೆಯ ಮೇಲೆ ಒರಗಿದ್ದ ಮಗಳ ಎದುರಿಗೆ ಹೋಗಿ ಕುಕ್ಕರಗಾಲಿನಲ್ಲಿ ಕೂತರು. "ನೀ ಹೇಳವಾ. ಕುಂದ್ರಾಕಿ ನೀ."

ಅವಳ ಬಾಯಿ ಎಳೆಯಿತು. ಕತ್ತು ಬಿಗಿಯಿತು. ಬಲಗೈ ಮೇಲೆ ಹೋಯಿತು. ಕಾಕಾ ಕಾಯ್ದರು. ಉಳಿ ಮಸೆಯುವಾಗ ಎಷ್ಟು ನಿಧಾನವೋ ಅಷ್ಟೇ ನಿಧಾನವಾಗಿ, ಬೇರೆ ಕೆಲಸವೇ ಇಲ್ಲದವರ ಹಾಗೆ ಕಾಯ್ದರು. ನಾನು, "ಕಾಕಾ, ಹೊತ್ತಾತು, ರೈಲು..." ಎಂದು ಶುರು ಮಾಡಿದೆ. ಅವರು ಕೈ ಎತ್ತಿ ನನ್ನನ್ನು ಸುಮ್ಮನಾಗಿಸಿದರು.

"ತಮ್ಮ... ನನ್ನ ಮುಂದ," ಅಂದಳು ಮಗಳು. "ನಾ... ಹಿಡೀತೇನಿ."

"ಅದ ಬ್ಯಾಡ," ಎಂದೆ. "ಬಲಗೈ ಹಾರತದ. ಕೂಸಿಗೆ ಬಡೀತದ."

ಅವಳು ನನ್ನ ಕಡೆ ನೋಡಿದಳು. ಆ ನೋಟ ಈಗಲೂ ಇದೆ ನನ್ನ ಹತ್ತಿರ. ಆಮೇಲೆ ಕಾಕಾನ ಕಡೆ ತಿರುಗಿ ಮತ್ತೆ ಹೊರಟಳು, ಮೊದಲಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡು. "ಬಲಗೈಗೆ... ಹಿಡಕೊಳ್ಳಾಕ... ಏನರ ಇದ್ರ... ಹಾರೂದಿಲ್ಲ."

ಏಳು ವರ್ಷ ಆ ಕೈಯನ್ನು ತೊಳೆದು, ಎಣ್ಣೆ ಹಚ್ಚಿ ತಿಕ್ಕಿದವಳು ನಾನು. ಇದು ನನಗೆ ಗೊತ್ತಿರಲಿಲ್ಲ. ನಾನು ಕೇಳಿರಲಿಲ್ಲ. ಆದರೂ ರೈಲು ಹತ್ತುವ ಮೊದಲು ಕಾಕಾನಿಗೆ ಮತ್ತೊಮ್ಮೆ ಹೇಳಿದೆ: ಕೂಸು ಹಿಂದೆ, ನಡುವೆ ಹಲಗೆ. ಅವರು, "ಆತವಾ, ಆತು," ಅಂದರು. ನಮ್ಮ ಕಡೆಯ ಹಿರಿಯರು ಹಾಗೆ ಎರಡು ಸಲ ಅಂದರೆ ಆಗುವುದಿಲ್ಲವೆಂದೇ ಅರ್ಥ, ನನಗೆ ತಿಳಿಯಬೇಕಿತ್ತು.

ಭಾನುವಾರ ಸಂಜೆ ಗಾಡಿ ಬಂತು. ಸಪೂರವಾಗಿ, ಉದ್ದವಾಗಿ ಬಂದಿತ್ತು. ಮಗಳ ಸೀಟು ಹಿಂದೆ, ಅವಳ ಮೊಣಕಾಲಿನ ಮುಂದೆ ತಗ್ಗಿನಲ್ಲಿ ಕೂಸಿನ ಸಣ್ಣ ಸೀಟು, ಅವನ ಬೆನ್ನು ಅವಳ ಕಡೆಗೆ. ನಡುವೆ ಹಲಗೆಯಿಲ್ಲ. ಬಲಗಡೆ ಅಂಚಿನಲ್ಲಿ ಒಂದು ದುಂಡನೆಯ ಗೂಟ, ಅದಕ್ಕೆ ಮೆತ್ತಗೆ ಬಟ್ಟೆ ಸುತ್ತಿತ್ತು. ನಾನು ಕಾಕಾನನ್ನು, ಅವರ ಆನೆಯನ್ನು, ನನ್ನ ದಾರವನ್ನು, ಎಲ್ಲವನ್ನೂ ಒಟ್ಟಿಗೆ ಬೈದೆ. ಗಂಡ, "ಇನ್ನೊಮ್ಮೆ ಬ್ಯಾಡಗಿಗೆ ಕಳಸೂಣೇನು?" ಎಂದು ಕೇಳಿದರು. ಆ ಮನುಷ್ಯನಿಗೆ ಉತ್ತರ ಕೊಡುವುದೂ ದಂಡ ಎಂದುಕೊಂಡೆ.

ಸೋಮವಾರ ಮಗಳಿಗೆ ಎರಡು ಜಡೆ ಹಾಕಿ, ನೀಲಿ ಲಂಗ ತೊಡಿಸಿ, ಪಾಟಿ ಕೊಟ್ಟು ಗಾಡಿಯಲ್ಲಿ ಕೂರಿಸಿದೆ. ಮಗನನ್ನು ಮಾತ್ರ ಕಂಕುಳಲ್ಲೇ ಇಟ್ಟುಕೊಂಡೆ. ಇವತ್ತೊಂದು ದಿನ ಹೀಗೇ ಹೋಗಲಿ, ನಾಳೆ ಹಲಗೆ ಹೊಡೆಸಿದರಾಯಿತು ಎಂದು. ಮಗಳು ಮುಂದಿನ ಖಾಲಿ ಸೀಟು ನೋಡಿದಳು.

ಓಣಿ ದಾಟುವ ತನಕ ಸರಿಯಿತ್ತು. ಸ್ಟೇಷನ್ ರಸ್ತೆಯ ಇಳಿಜಾರಿಗೆ ಬಂದಾಗ ಒಂದು ಕೈಯಿಂದ ಹಿಡಿದ ಗಾಡಿ ತನ್ನಿಷ್ಟದಂತೆ ಗಟಾರದ ಕಡೆ ಎಳೆಯಿತು. ತಿರುಗಿಸಿದೆ, ಮತ್ತೆ ಎಳೆಯಿತು. ಮಗ ಕಂಕುಳಿನಿಂದ ಜಾರುತ್ತಿದ್ದ. ಲಾರಿಯೊಂದು ಹಾರ್ನ್ ಹೊಡೆದು ನಮ್ಮನ್ನು ಮಣ್ಣಿಗಿಳಿಸಿ ಹೋಯಿತು. ದೂರದಲ್ಲಿ ಶಾಲೆಯ ಮೊದಲ ಗಂಟೆ ಕೇಳಿಸಿತು. ಎರಡನೆಯದಕ್ಕೆ ಪ್ರಾರ್ಥನೆ. ನಾನು ರಸ್ತೆಯ ಮಧ್ಯೆ ನಿಂತು ಅಳುವುದೊಂದು ಬಾಕಿ.

"ಅವ್ವಾ," ಅಂದಳು ಮಗಳು. ಅಷ್ಟೇ. ಬಲಗೈಯಿಂದ ಗೂಟ ಹಿಡಿದುಕೊಂಡಿದ್ದಳು, ಬೆರಳಿನ ಗೆಣ್ಣು ಬೆಳ್ಳಗಾಗುವ ಹಾಗೆ. ಎಡಗೈ ಮುಂದಕ್ಕೆ ಚಾಚಿತ್ತು.

ಬೇರೆ ದಾರಿಯಿರಲಿಲ್ಲ ಎಂದೇ ಇಟ್ಟೆ. ನಂಬಿಕೆಯಿಂದ ಇಟ್ಟೆ ಎಂದು ಇಷ್ಟು ವರ್ಷದ ಮೇಲೆ ಸುಳ್ಳು ಬರೆಯಲಾರೆ. ಅವನನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಸೊಂಟಕ್ಕೆ ಬಟ್ಟೆ ಕಟ್ಟಿದೆ. ಅವಳು ಎಡಗೈಯಿಂದ ಅವನ ಅಂಗಿಯ ಬೆನ್ನನ್ನು ಮುಷ್ಟಿಯಲ್ಲಿ ಹಿಡಿದಳು. ನಾನು ಎರಡೂ ಕೈಯಿಂದ ತಳ್ಳಿದೆ. ಗಾಡಿ ನೆಟ್ಟಗೆ ಓಡಿತು. ದಾರಿಯುದ್ದಕ್ಕೂ ನನ್ನ ಕಣ್ಣು ಆ ಬಲಗೈ ಮೇಲೆಯೇ ಇತ್ತು. ಅದು ಗೂಟ ಬಿಡಲಿಲ್ಲ.

ಎರಡನೆಯ ಗಂಟೆ ಬಾರಿಸುವಾಗ ವರ್ಗದ ಬಾಗಿಲಿಗೆ ಬಂದೆವು. ಗಾಡಿ ಎರಡೂ ಕಡೆ ಒಂದೊಂದು ಬೆರಳು ಬಿಟ್ಟು ಒಳಗೆ ಹೋಯಿತು. ದೊಡ್ಡ ಅಕ್ಕೋರು ಹಾಜರಿ ಪುಸ್ತಕ ತೆರೆದು ಹೆಸರು ಬರೆದರು. ನನಗೆ ಓದಿ ತೋರಿಸಲಿಲ್ಲ, ಅವಳಿಗೇ ತೋರಿಸಿದರು. ಅವಳು ಓದಿದಳು.

ನೆಲದ ಮೇಲಿದ್ದ ಮಕ್ಕಳೆಲ್ಲ ಎದ್ದು ಬಂದು ಗಾಡಿಯನ್ನು ಸುತ್ತುವರಿದರು. ಒಬ್ಬ ಹುಡುಗಿ ಮಗನ ಗಲ್ಲ ಮುಟ್ಟಿ, "ಈ ಕೂಸು ಯಾರ್ದು? ಇದನ್ಯಾಕ ಸಾಲಿಗೆ ತಂದೀರಿ?" ಎಂದು ಕೇಳಿದಳು. ನಾನು ರೂಢಿಯಂತೆ ಉತ್ತರ ಕೊಡಲು ಬಾಯಿ ತೆರೆದೆ. ಮಗಳ ಕತ್ತು ಬಿಗಿದದ್ದು ಕಂಡಿತು. ಮುಚ್ಚಿಕೊಂಡೆ.

ಇಡೀ ವರ್ಗ ಅವಳ ಬಾಯಿಯನ್ನೇ ನೋಡುತ್ತಿತ್ತು.

"ನನ್ನ ತಮ್ಮ," ಅಂದಳು. "ಸಾಲಿ ನೋಡ್ಲಿ ಅಂತ... ನಾನ... ಕರಕೊಂಡ ಬಂದೇನಿ."

ಒಂದು ಮೈಲು ತಳ್ಳಿ ಬೆವರಿನಲ್ಲಿ ತೊಯ್ದವಳು ನಾನು. ಎರಡು ತಿಂಗಳು ಮೂರು ಊರು ಅಲೆದವಳು ನಾನು. ಸೆರಗಿನಿಂದ ಮುಖ ಒರೆಸಿಕೊಂಡು, ಮಗನನ್ನು ಮನೆಗೆ ಒಯ್ಯಲು ಬಾಗಿ ಸೊಂಟದ ಬಟ್ಟೆ ಬಿಚ್ಚಿದೆ. ಅವನು ಬರಲಿಲ್ಲ. ಅವನ ಅಂಗಿ ಇನ್ನೂ ಅವಳ ಮುಷ್ಟಿಯಲ್ಲೇ ಇತ್ತು. ಅವಳು ಆ ಹುಡುಗಿಗೆ ಇನ್ನೂ ಏನೋ ಹೇಳುವುದಿತ್ತು.

"ಸ್ವಲ್ಪ ತಡಿ, ಅವ್ವಾ," ಅಂದಳು.

ನಾನು ಕಾಯ್ದೆ.